ಗಾಡಿಗೊಂದು ಕೌದಿ

ಹೋದ ಸೋಮವಾರ ನಮ್ಮವ್ವ ನನ್ನ ಕಣ್ಣೆದುರೇ ಇನ್ನೊಬ್ಬಳ ಗಾಡಿ ಹತ್ತಿ ಹೊರಟುಹೋದಳು.

ನಗಬೇಡಿ. ಪ್ರತಿ ಸೋಮವಾರ ಬೆಳಿಗ್ಗೆ ಅವ್ವ ಹಂಪಿಯ ಗುಡಿಗೆ ಹೋಗಲೇಬೇಕು. ನಾನು ಎಲೆಕ್ಟ್ರಿಕ್ ಬೈಕ್ ತಗೊಂಡ ದಿನದಿಂದ ಅದರ ಹಿಂದಿನ ಸೀಟು ಅವಳದು. ಅವಳನ್ನು ಬಿಟ್ಟು ಬಂದು, ಆಮೇಲೆ ನಾನು ಗಾದಿಗನೂರಿನ ಸ್ಕೂಲಿಗೆ ಪಾಠ ಮಾಡಲು ಓಡುತ್ತೇನೆ. ಆ ದಿನ, ಇಡೀ ರಾತ್ರಿ ಚಾರ್ಜಿಗೆ ಹಾಕಿದ್ದ ಗಾಡಿ ಬೆಳಿಗ್ಗೆ ತೋರಿಸಿದ್ದು ಹದಿನೆಂಟು ಪರ್ಸೆಂಟ್!

ಅಷ್ಟರಲ್ಲಿ ಎದುರುಮನೆ ಹುಲಿಗೆಮ್ಮ, ನಮ್ಮ ಬಾಯಲ್ಲಿ ಹುಲಿಗಿ, ತನ್ನ ಗಾಡಿ ಹೊರಗೆ ತಂದಳು. ಕಂಪ್ಲಿಯ ರೈಸ್ ಮಿಲ್ಲಿನ ಆಫೀಸಿನಲ್ಲಿ ಅವಳ ಕೆಲಸ. ಕಾಲೇಜಿನ ಡಿಬೇಟುಗಳಲ್ಲಿ ನಾನು ಫಸ್ಟ್, ಅವಳು ಸೆಕೆಂಡ್. (ಪ್ರತಿ ಸಲವೂ. ನಿಮಗೆ ಗೊತ್ತಿರಲಿ.)

"ಬರ್ರಿ ಚಿಗವ್ವ, ಕುಂದ್ರಿ. ಹಂಪಿ ನನ್ ಹಾದಿ ಮ್ಯಾಲೇ ಐತಿ" ಅಂದಳು.

ಅವ್ವ ಕುಂತೇಬಿಟ್ಟಳು. ಒಂದು ಸಲ ತಿರುಗಿಯೂ ನೋಡಲಿಲ್ಲ.

ನನಗೆ ಉರಿದದ್ದು ಯಾಕೆ ಗೊತ್ತೇ? ಇಬ್ಬರದೂ ಒಂದೇ ಮಾಡೆಲ್, ಒಂದೇ ಬಣ್ಣ, ಕೊಂಡದ್ದೂ ಒಂದೇ ವಾರ. ಬೇಸಿಗೆಯಲ್ಲಿ ಎರಡೂ ಸರಿಸಮ ಓಡಿದವು. ಚಳಿಗಾಲ ಬಂದದ್ದೇ ತಡ, ಅವಳದು ಕಂಪ್ಲಿಗೆ ಹೋಗಿ ಬಂದರೂ ಗಟ್ಟಿ. ನನ್ನದು ಗಾದಿಗನೂರಿಂದ ವಾಪಸ್ ಬರುವಾಗಲೇ ಏದುಸಿರು.

ಶೋರೂಮಿನವರನ್ನು ಕೇಳಿದರೆ "ಚಳಿ ಮೇಡಂ. ಬ್ಯಾಟ್ರಿಗೆ ಚಳಿ ಹತ್ತೈತ್ರಿ" ಅಂದರು. ಹೊಸಪೇಟೆಯಲ್ಲಿ ಎಂಥ ಚಳಿ? ಇದೇನು ಕಾಶ್ಮೀರವೇ? ಚಳಿಯೇ ಕಾರಣ ಅನ್ನೋಣ, ಅದು ಎದುರುಮನೆ ಗೇಟಿನ ಹೆಸರು ಓದಿ, 'ಓ, ಹುಲಿಗೆಮ್ಮನವರ ಗಾಡಿಯಾ' ಅಂತ ಬಿಟ್ಟು ಬರುತ್ತದೆಯೇ?

ಅದೇ ಸೋಮವಾರ ಸಂಜೆ ತಡೆಯಲಾಗದೆ ಹುಲಿಗಿಯ ಮನೆಗೆ ಹೋದೆ. ನೆಪಕ್ಕೆ ಒಂದು ಬಟ್ಟಲು ಮೊಸರು ಕೇಳಲು. (ನಮ್ಮ ಫ್ರಿಜ್ಜಿನಲ್ಲಿ ಬೇಕಾದಷ್ಟಿತ್ತು.) ತಗಡಿನ ಶೆಡ್ಡಿನಲ್ಲಿ ಗಾಡಿ ಹೊದ್ದುಕೊಂಡು ನಿಂತಿತ್ತು. ಹೊದ್ದದ್ದು ಹಳೇ ಬಟ್ಟೆ ತುಂಡು ಸೇರಿಸಿ ಹೊಲಿದ ಕೌದಿ. ಅದರ ಮೂಲೆಯಲ್ಲಿ ನೀಲಿ ತುಂಡು. ನನ್ನ ಐದನೇ ಕ್ಲಾಸಿನ ಯೂನಿಫಾರ್ಮಿನ ಲಂಗದ್ದು!

"ಲೇ, ಇದು ನಮ್ಮ ಕೌದಿ!"

"ಹೌದವಾ. ನಿಮ್ಮವ್ವನೇ ಕೊಟ್ಟಾಳ. ನಿನಗ ಬ್ಯಾಡಂತಲ್ಲ?"

ನೆನಪಾಯಿತು. ದೀಪಾವಳಿ ಮುಗಿದ ವಾರ ಅವ್ವ ಈ ಕೌದಿ ಹಿಡಿದು ಬಂದಿದ್ದಳು. "ಗಾಡಿಗೆ ಹೊಚ್ಚಲೇ, ಇಬ್ಬನಿ ಬೀಳತೈತಿ" ಅಂದಿದ್ದಳು. ನಾನು ಅಂಗಳದಲ್ಲೇ ವಾದ ಮಂಡಿಸಿದ್ದೆ: ಕೌದಿ ತಾನಾಗಿ ಬೆಚ್ಚಗಿರುವುದಿಲ್ಲ, ನಮ್ಮ ಮೈಯ ಬಿಸಿಯನ್ನು ಹಿಡಿದಿಡುತ್ತದೆ, ನಿಂತ ಗಾಡಿಗೆ ಮೈಬಿಸಿ ಇಲ್ಲ, ಆದ್ದರಿಂದ ಕೌದಿ ಹೊಚ್ಚುವುದು ಮೂಢನಂಬಿಕೆ. ಅವ್ವ ಮಾತಾಡದೆ ಕೌದಿ ಮಡಚಿದಳು. ಎದುರಾಳಿ ಸುಮ್ಮನಾದರೆ ಗೆದ್ದಂತೆ ತಾನೇ?

ಇದೇ ವಾದವನ್ನು ಹುಲಿಗಿಗೂ ಒಪ್ಪಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ಚಳಿಗಂತ ಯಾರ್ ಅಂದ್ರವಾ? ನಿಮ್ಮವ್ವ ಇಬ್ಬನಿ ಅಂದ್ಲು. ನೀ ಚಳಿ ಮ್ಯಾಲ ಭಾಷಣ ಮಾಡೀದಿ!"

ಡಿಬೇಟಿನ ಮೊದಲ ಪಾಠವೇನು? ವಿಷಯ ಸರಿಯಾಗಿ ಕೇಳಿಸಿಕೊಳ್ಳುವುದು. ನಾನು ಯಾರೂ ಕೊಡದ ವಿಷಯದ ಮೇಲೆ ಗೆದ್ದಿದ್ದೆ.

"ಭಾನುವಾರ ಏನ್ ಮಾಡ್ತಿ ಗಾಡಿಗೆ?" ಅಂತ ಕೇಳಿದಳು.

ಅದಿರಿನ ಲಾರಿಗಳ ಹಿಂದೆ ಓಡಾಡುವ ಗಾಡಿ. ಕೆಂಪು ಧೂಳು ಹೋಗಲಿ ಎಂದು ಪೈಪ್ ಹಿಡಿದು ಚೆನ್ನಾಗಿ ತೊಳೆಯುತ್ತೇನೆ ಅಂದೆ.

"ಜಳಕ ಮಾಡಸ್ತೀಯೇನಲೇ! ಧೂಳಿಗೆ ಇಬ್ಬನಿ, ಇಬ್ಬನಿಗೆ ನಿನ್ ಪೈಪು. ಚಾರ್ಜಿಂಗ್ ಸಾಕೆಟ್ಟಿನಾಗ ಕೆಸರುಗದ್ದಿ ಆಗಿರತೈತಿ ನೋಡು. ನಾ ಒಣ ಬಟ್ಟೀಲೆ ವರಸ್ತೀನಿ, ಸಾಕೆಟ್ಟಿಗೆ ಹಳೇ ಟೂತ್‌ಬ್ರಷ್. ಚಳಿಗಾಲದಾಗ ಗಾಲಿ ಗಾಳೀನೂ ಇಳೀತೈತಿ. ನೀ ಗಾಳಿ ಹೊಡಿಸಿ ಎಷ್ಟ್ ದಿನಾ ಆತು?"

"ಆಯುಧಪೂಜೆಗೆ ನಿಂಬೆಹಣ್ಣು ಇಟ್ಟಿದ್ದೆ."

"ಹಣ್ಣಿನಾಗಿನ ಗಾಳಿ ಗಾಲಿಗೆ ಹೋಗಂಗಿಲ್ಲವಾ."

ಹೊಟ್ಟೆಕಿಚ್ಚು ಅಂದರೆ ಇದೇ ನೋಡಿ. ಅವಳ ಒಂದೊಂದು ಮಾತೂ ಸರಿ ಅನಿಸುತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ಆ ವಾರ ಮೆಕ್ಯಾನಿಕ್ ಸಾಕೆಟ್ ಬಿಚ್ಚಿದ. ಪಿನ್ನುಗಳಿಗೆ ಹಸಿರು ಕಿಲುಬು, ಸುತ್ತ ಕೆಂಪು ಕೆಸರು. ಸ್ವಚ್ಛ ಮಾಡಿ ಒಣಗಿಸಿ ಕೊಟ್ಟ. ಗಾಳಿ ಹೊಡೆಸಿದೆ. ಪೈಪ್ ಸುತ್ತಿ ಅಟ್ಟಕ್ಕೆ ಎಸೆದೆ. ಗಾಡಿಯನ್ನು ಪಡಸಾಲೆಗೇ ಹತ್ತಿಸಿ ಚಾರ್ಜಿಗೆ ಹಾಕಿದೆ.

ಈ ಸೋಮವಾರ ನೂರಕ್ಕೆ ನೂರು. ಸೀಟು ಒರೆಸಿ, ಗೇಟಿನ ಬಳಿ ಕಾದು ನಿಂತೆ. ಅವ್ವ ಹಣ್ಣುಕಾಯಿ ಚೀಲ ಹಿಡಿದು ಬಂದಳು. ಗಾಡಿ ನೋಡಿದಳು, ಮೆಚ್ಚಿದಳು ಕೂಡ.

"ಛಲೋ ಆತು ಬಿಡವಾ. ಜಲ್ದಿ ಸ್ಕೂಲಿಗೆ ಹೋಗು. ನಾ ಹುಲಿಗಿ ಕೂಡ ಹೊಂಟೀನಿ."

"ನನ್ ಗಾಡಿಗೆ ಏನಾಗೇತಿ ಈಗ?"

"ಗಾಡಿಗೆ ಏನೂ ಆಗಿಲ್ಲ. ಆಕಿ ಹಾದಿತುಂಬ ನನ್ ಮಾತು ಕೇಳ್ಕೊಂತ ಹೋಗ್ತಾಳ."

ನನ್ನಲ್ಲಿ ಉತ್ತರವಿತ್ತು. ಮೂರು ಪಾಯಿಂಟುಗಳಲ್ಲಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಓಣಿ ದಾಟಿದ್ದರು.

ಸೀಟು ಹೋಗಲಿ. ಆ ಕೌದಿಯನ್ನಾದರೂ ವಾಪಸ್ ಕೇಳಬಹುದೇ?