ಬಿಷಪ್ಪರ ಊರಿಗೆ ನೂರೈವತ್ತು ಅಡಿ

ಕೋವಿಡ್ ಕಳೆದ ಎರಡನೆಯ ಚಳಿಗಾಲ. ನಾನು ಆಗ ನ್ಯೂಜೆರ್ಸಿಯ ಹ್ಯಾರಿಸನ್ ಹತ್ತಿರದ ಒಂದು ರಿಹ್ಯಾಬ್ ಕೇಂದ್ರದಲ್ಲಿ ಫಿಸಿಕಲ್ ಥೆರಪಿಸ್ಟ್ ಆಗಿದ್ದೆ. ಮೂಳೆ ಮುರಿದುಕೊಂಡು ಬಂದವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ನನಗೆ ತಾಳ್ಮೆ ಕಡಿಮೆ, ಬಾಯಿ ಜೋರು. ನಾನು ಬರುವುದು ಕಂಡರೆ ಕೆಲವು ರೋಗಿಗಳು ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರು.

ಅಲ್ಲಿಗೆ ಸೊಂಟದ ಆಪರೇಷನ್ ಆಗಿದ್ದ ನಿವೃತ್ತ ಬಿಷಪ್ ಒಬ್ಬರು ಬಂದರು. ಎಂಬತ್ತೆರಡು ವರ್ಷ, ಮೂಲ ಮೈಸೂರು. ನಾನೂ ಅದೇ ಊರಿನವಳು, ಮಂಡಿ ಮೊಹಲ್ಲಾದ ಮುಸ್ಲಿಂ ಮನೆಯವಳೆಂದು ತಿಳಿದು ಖುಷಿಪಟ್ಟರು. ನಡೆಯಲು ಮಾತ್ರ ಒಪ್ಪಲಿಲ್ಲ. ವಾಕರ್ ಹಿಡಿದು, ಯಾರ ಆಸರೆಯೂ ಇಲ್ಲದೆ ನೂರೈವತ್ತು ಅಡಿ ನಡೆದರೆ ಅವರು ಮನೆಗೆ ಮರಳಬಹುದಿತ್ತು. ಇಲ್ಲವಾದರೆ ಶುಕ್ರವಾರದ ಪರಿಶೀಲನೆಯ ನಂತರ ಕಾಯಂ ಆಗಿ ನರ್ಸಿಂಗ್ ಹೋಮ್.

"ನಡೆದು ಎಲ್ಲಿಗೆ ಹೋಗ್ಲಮ್ಮ?" ಎಂದರು.

ನನಗೆ ರೇಗಿತು. "ಎಲ್ಲಿಗೆ ಬೇಕೋ ಹೇಳಿ ಫಾದರ್, ಕರ್ಕೊಂಡ್ ಹೋಗ್ತೀನಿ."

"ನಮ್ಮೂರಿಗೆ."

ಮೈಸೂರು ಎಂದುಕೊಂಡೆ. ಅಲ್ಲ. ಬಿಷಪ್ ಎಂದಮೇಲೆ ಒಂದು ಊರು ಇರಲೇಬೇಕಂತೆ. ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವ ಸಹಾಯಕ ಬಿಷಪ್‌ಗೆ, ಎಂದೋ ಬಾಳಿ ಅಳಿದ ಊರೊಂದರ ಹೆಸರು ಕೊಡುತ್ತಾರೆ. ಅದೇ ಟೈಟ್ಯುಲರ್ ಸೀ, ಅಂದರೆ ಹೆಸರಿಗಷ್ಟೇ ಇರುವ ಪೀಠ. ಇವರಿಗೆ ಸಿಕ್ಕಿದ್ದು ಉತ್ತರ ಆಫ್ರಿಕದ ಹಳೆಯ ರೋಮನ್ ಪಟ್ಟಣ. ಹೆಸರು ಬರೆಯಲಾರೆ, ಒಂದು ಊರಿಗೆ ಒಬ್ಬರೇ ಬಿಷಪ್, ರೋಗಿ ಯಾರೆಂದು ಗೊತ್ತಾಗಿಬಿಡುತ್ತದೆ. ಈಗ ಅಲ್ಲಿರುವುದು ಗೋಧಿ ಹೊಲ, ನಾಲ್ಕು ಕಂಬ, ಮೇಯುವ ಕುರಿ. ಅವರು ಅದನ್ನು ಕಂಡೇ ಇರಲಿಲ್ಲ. ಅದರ ನಕ್ಷೆಯೊಂದನ್ನು ಮಾತ್ರ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು.

ಗುರುವಾರ ಆ ನಕ್ಷೆ ಇಸಿದುಕೊಂಡು ಕಾರಿಡಾರಿನ ನೆಲಕ್ಕೆ ನೀಲಿ ಟೇಪ್ ಅಂಟಿಸಿದೆ. ಅವರ ಕೋಣೆಯ ಮುಂದೆ ಊರಬಾಗಿಲು, ನರ್ಸುಗಳ ಮೇಜಿನ ಬಳಿ ಸಂತೆ, ಲಿಫ್ಟಿನ ಎದುರು ಸ್ನಾನದ ಮನೆ, ಪೂರ್ವದ ಕಿಟಕಿಯ ಕೆಳಗೆ ಬಿಲ್ಲಿನಂತೆ ಬಾಗಿದ ಚರ್ಚ್ ಗೋಡೆ. ಸರಿಯಾಗಿ ನೂರೈವತ್ತು ಅಡಿ.

ಶುಕ್ರವಾರ ಬೆಳಿಗ್ಗೆ ಹೊರಗೆಲ್ಲ ಹಿಮ. ಅದರ ಬೆಳಕು ಒಳಗೆ ಬಂದು ನೆಲವೇ ತೇಲುತ್ತಿರುವಂತಿತ್ತು. ಬಿಷಪ್ಪರು ಊರಬಾಗಿಲು ದಾಟಿದರು. ಸಂತೆಯಲ್ಲಿ ನಿಂತು, "ಇಲ್ಲಿ ಆಲಿವ್ ಎಣ್ಣೆ ಮಾರ್ತಿದ್ರು" ಎಂದರು. ಲಿಫ್ಟಿನ ಎದುರು, "ನೀರಿನ ಸದ್ದು ಕೇಳಿಸ್ತಾ?" ಎಂದರು. ಕೆಳಗಿನ ಮಹಡಿಯ ವಾಷಿಂಗ್ ಮಷೀನ್ ಎಂದು ನನಗೆ ಗೊತ್ತು. ಆದರೂ "ಹ್ಞೂಂ ಫಾದರ್" ಎಂದೆ. ಆ ಕ್ಷಣಕ್ಕೆ ನನಗೂ ಅದು ಬೇರೆಯೇ ನೀರು.

ಹತ್ತು ಅಡಿ ಉಳಿದಾಗ ಅವರ ಕಾಲು ನಡುಗತೊಡಗಿತು, ನಿಂತುಬಿಟ್ಟರು. ನಾನು ಮುಟ್ಟಿದರೆ ಪರೀಕ್ಷೆ ಅಲ್ಲಿಗೇ ಮುಗಿದಂತೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಆ ಕುರ್ಚಿ ಯಾರಮ್ಮ ಹಾಕಿದ್ದು?"

ಬಾಗಿದ ಟೇಪಿನ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ನಡಿಗೆಯ ಕೊನೆಗೆ ಕುರ್ಚಿ ಇಡುವುದು ನಮ್ಮ ನಿಯಮ. "ನಾನೇ. ಸುಸ್ತಾದ್ರೆ ಕೂರೋಕೆ."

"ಅದು ಬಿಷಪ್ಪರ ಕುರ್ಚಿ ಇರೋ ಜಾಗ ಕಣಮ್ಮ. ಮೂವತ್ತು ವರ್ಷ ನಾನು ಬೇರೆಯವರ ಕುರ್ಚಿ ಪಕ್ಕದಲ್ಲೇ ನಿಂತಿದ್ದೋನು."

ಮತ್ತೆ ನಡೆದರು. ತಿರುಗಿದರು, ನಿಧಾನವಾಗಿ ಕುಳಿತರು. ಎರಡೂ ಕೈ ಕುರ್ಚಿಯ ತೋಳುಗಳ ಮೇಲಿಟ್ಟು ಖಾಲಿ ಕಾರಿಡಾರನ್ನು ನೋಡಿದರು. ನನಗೆ ಅಳು ಬಂತು. ಅದನ್ನು ಅಡಗಿಸಲು ಎಂದಿನಂತೆ ಗದರಿದೆ: "ಆಯ್ತು, ಏಳಿ ಫಾದರ್, ರೂಮಿಗೆ ಹೋಗೋಣ."

"ಇರಮ್ಮ, ಈಗ ತಾನೇ ಬಂದಿದ್ದೀನಿ."

ಮುಂದಿನ ವಾರ ಅವರು ಮನೆಗೆ ಹೋದರು. ಜನರನ್ನು ನಡೆಸುವುದಷ್ಟೇ ನನ್ನ ಕೆಲಸ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ತಲುಪಿದವರನ್ನು ಎಬ್ಬಿಸದೆ ಸುಮ್ಮನೆ ಪಕ್ಕದಲ್ಲಿ ನಿಲ್ಲುವುದೂ ಕೆಲಸವೇ ಎಂದು ಆ ಬೆಳಿಗ್ಗೆ ಕಲಿತೆ.