ಮೆಂತ್ಯದ ಡಬ್ಬಿಯ ಮಾತ್ರೆ

ನಿನ್ನೆ ವಿಜಯನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರು ಬೆಳೆದುನಿಂತ ನನ್ನ ಮಗಳನ್ನು ಕೇಳಿದರು: "ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದ್ದೀಯಾಮ್ಮ?" ನನಗೆ ನಗು ಒತ್ತರಿಸಿ ಬಂತು. ಕೆಮ್ಮಿಗೆಂದು ಬಂದವಳು ಅವಳು. ಕೆಮ್ಮಿನ ನೆಪದಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡವಳು ನಾನು.

ಇವಳು ಹುಟ್ಟುವ ಮುಂಚೆ ಇದೇ ಪ್ರಶ್ನೆಯನ್ನು ನನಗೂ ಕೇಳಿದ್ದರು. ಆಗ ನಾನು ಆರ್‌ಪಿಸಿ ಲೇಔಟಿನ ಮನೆಯ ಹೊಸ ಸೊಸೆ. ಟೀಚರ್ ಕೆಲಸ ಆಗಷ್ಟೇ ಸಿಕ್ಕಿತ್ತು. ಅದು ಖಾಯಂ ಆಗುವವರೆಗೆ ಮಗು ಬೇಡವೆಂದು ನಾನೂ ಗಂಡನೂ ಗುಟ್ಟಾಗಿ ತೀರ್ಮಾನಿಸಿದ್ದೆವು. ಅತ್ತೆಯೋ ಮೊಮ್ಮಗುವಿಗಾಗಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು. ಹಾಗಾಗಿ ನನ್ನ ಗರ್ಭನಿರೋಧಕ ಮಾತ್ರೆಗಳ ವಾಸ ಮೆಂತ್ಯದ ಡಬ್ಬಿಯ ತಳದಲ್ಲಿ. ಅತ್ತೆಗೆ ಮೆಂತ್ಯದ ಕಹಿ ಆಗದು, ಆ ಡಬ್ಬಿಯನ್ನು ಮುಟ್ಟುತ್ತಲೇ ಇರಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅಷ್ಟರಲ್ಲಿ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿತು. ಟಿಬಿ ಅಂದರು. "ಬೇರೆ ಮಾತ್ರೆ ಏನಾದ್ರೂ?" ಎಂದು ಡಾಕ್ಟರು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆಯೇ ಪಕ್ಕದ ಕುರ್ಚಿಯಿಂದ ಅತ್ತೆ, "ಅಯ್ಯೋ, ನಮ್ಮ ಸೊಸೆ ತಲೆನೋವಿಗೂ ಮಾತ್ರೆ ನುಂಗಲ್ಲ ಸಾರ್!" ಎಂದರು. ನಾನು ಹೌದೌದೆಂದು ತಲೆಯಾಡಿಸಿದೆ. ನಮ್ಮ ಮನೆಗಳಲ್ಲಿ ಡಾಕ್ಟರ ಹತ್ತಿರ ಒಬ್ಬರೇ ಹೋಗುವ ಪದ್ಧತಿ ಎಲ್ಲಿದೆ ಹೇಳಿ? ಹಲ್ಲುನೋವಿಗೂ ಮೂರು ಜನ ಹೊರಡುತ್ತೇವೆ, ನೋವಿರುವವರನ್ನು ಬಿಟ್ಟು ಮಿಕ್ಕವರೆಲ್ಲ ಮಾತಾಡುತ್ತೇವೆ.

ಕೆಲವು ತಿಂಗಳಲ್ಲೇ ವಾಂತಿ ಶುರುವಾಯಿತು. ಟಿಬಿ ಮಾತ್ರೆಯ ಉಷ್ಣ ಎಂದುಕೊಂಡೆ. ಲೇಡಿ ಡಾಕ್ಟರು ನೋಡಿ, ನೀವು ಬಸುರಿ ಎಂದರು! ಸದ್ಯ, ಅತ್ತೆ ಹೊರಗಿದ್ದರು. ಮೆಂತ್ಯದ ಡಬ್ಬಿಯ ಗುಟ್ಟನ್ನೆಲ್ಲ ಬಿಚ್ಚಿ, "ಒಂದು ದಿನಾನೂ ತಪ್ಪಿಸಿಲ್ಲ ಮೇಡಂ!" ಎಂದೆ.

"ತಪ್ಪಿಸದೇ ಇದ್ರೇನಮ್ಮ? ಟಿಬಿ ಮಾತ್ರೆ ತಗೊಳ್ಳೋವಾಗ ಲಿವರ್ರು ಆ ಮಾತ್ರೇನ ಬೇಗ ಬೇಗ ಖಾಲಿ ಮಾಡ್ಬಿಡತ್ತೆ. ಮೊದ್ಲೇ ಹೇಳಿದ್ರೆ ಬೇರೆ ದಾರಿ ತೋರಿಸ್ತಿದ್ರು."

ನಾನು ಕುರ್ಚಿಯ ತುದಿಗೆ ಸರಿದೆ. "ಮಗೂಗೆ ಏನಾದ್ರೂ..."

"ಡಬ್ಬೀಲಿರೋ ಮಾತ್ರೆ ಇವತ್ತೇ ನಿಲ್ಸಿ. ಟಿಬಿ ಚಿಕಿತ್ಸೆ ಮಾತ್ರ ನಿಲ್ಸಂಗಿಲ್ಲ. ಹೆದರ್ಬೇಡಿ, ನಾವು ನೋಡ್ಕೋತೀವಿ."

ಹರಕೆ ಫಲಿಸಿತೆಂದು ಅತ್ತೆ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ನಾನು ತೆಪ್ಪಗೆ ಒಂದು ತುಂಡು ಹೆಚ್ಚೇ ತಿಂದೆ. ಕೆಲಸ ಖಾಯಂ ಆಗುವುದು ತಡವಾಯಿತು, ಅತ್ತುಬಿಟ್ಟೆ. ಗಂಟು ಕರಗಿತು. ಮಗಳು ಗುಂಡುಗುಂಡಗೆ ಹುಟ್ಟಿದಳು, ಅತ್ತದ್ದೆಲ್ಲ ಮರೆತೇಹೋಯಿತು.

ನಿನ್ನೆಯ ತಮಾಷೆ ಕೇಳಿ. ಅವಳು ಉತ್ತರಿಸುವ ಮುಂಚೆಯೇ "ಏನೂ ಇಲ್ಲ ಡಾಕ್ಟ್ರೇ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಥೇಟ್ ಅತ್ತೆಯ ದನಿಯಲ್ಲಿ! ಧಡಕ್ಕನೆ ಎದ್ದೆ. "ಎಲ್ಲಾ ಹೇಳು ಕಣೇ. ನಾನು ಹೊರಗಿರ್ತೀನಿ."

"ಅಮ್ಮಾ, ಬರೀ ಕೆಮ್ಮು!"

ಬಾಗಿಲು ಎಳೆದುಕೊಂಡೆ. ಕೆಮ್ಮಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತಾಯಿತು. ಹೊರಬಂದವಳ ಮುಖ ಹಗುರಾಗಿತ್ತು. ಏನಂದರು ಎಂದು ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು.

"ದೋಸೆ ತಿನ್ನೋಣ್ವಾ?" ಎಂದೆ.