ಸಾಣೆ ಮಾಮನ ಹತ್ತೊಂಬತ್ತು ಊಟ

ಬೆಳಗಿನ ಐದೂಮುಕ್ಕಾಲು. ಹೋಟೆಲೊಂದರ ಹಿಂಬಾಗಿಲಲ್ಲಿ ಸೈಕಲ್ಲೊಂದು ಸ್ಟ್ಯಾಂಡ್ ಹಾಕಿಕೊಂಡು ನಿಂತಿದೆ. ಸೀಟಿನ ಮೇಲೆ ಕೂತವರು ಒಂದೇ ಸಮನೆ ಪೆಡಲು ತುಳಿಯುತ್ತಿದ್ದರೂ ಸೈಕಲ್ಲು ಇದ್ದಲ್ಲಿಯೇ ಇದೆ. ತಿರುಗುತ್ತಿರುವುದು ಹ್ಯಾಂಡಲಿಗೆ ಕೂರಿಸಿದ ಸಾಣೆಕಲ್ಲು. ಅಡುಗೆಯವನು ಆಕಳಿಸುತ್ತಾ ಬಂದು ಚಾಕು ಚಾಚುತ್ತಾನೆ.

"ಯಾವ ಕೈ?" ಕೇಳುತ್ತಾರೆ ಸೈಕಲ್ಲಿನವರು.

"ಬಲಗೈ ಮಾಮ. ನಿನ್ನೆನೂ ಬಲಗೈ, ಹೋದ ವರ್ಷನೂ ಬಲಗೈ. ರಾತ್ರೋರಾತ್ರಿ ಬದಲಾಗೋಕೆ ಅದೇನು ಅಂಗಿನಾ?"

ಮಾಮ ನಗುವುದಿಲ್ಲ. ಚಾಕುವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಯಿ ಯಾವ ಕಡೆಗೆ ಇಳಿಜಾರಾಗಿದೆ ಎಂದು ನೋಡಿ, ಆಮೇಲೆ ಕಲ್ಲಿಗೆ ತಾಗಿಸುತ್ತಾರೆ. ಹರಿತ ಬಂದಿದೆಯೇ ಎಂದು ಪರೀಕ್ಷಿಸಲು ಜೇಬಿನಿಂದ ಒಂದು ಪತ್ರಿಕೆಯ ಹಾಳೆ ತೆಗೆದು ಸರ್ರನೆ ಸೀಳುತ್ತಾರೆ. ನೋಡಿದರೆ ಅದು ನಮ್ಮದೇ ಪುರವಣಿ. "ಬೇಜಾರು ಮಾಡ್ಕೋಬೇಡಿ. ನಿಮ್ಮದು ತೆಳ್ಳಗಿದೆ, ಪರೀಕ್ಷೆಗೆ ಬಲು ಚೆನ್ನ" ಎನ್ನುತ್ತಾರೆ. ನನ್ನ ಬರಹಕ್ಕೆ ಇಷ್ಟು ನೇರವಾದ ವಿಮರ್ಶೆ ಇದುವರೆಗೆ ಸಿಕ್ಕಿರಲಿಲ್ಲ.

ಈ ನಗರದ ಅಡುಗೆಮನೆಗಳೆಲ್ಲ ಇವರನ್ನು ಕರೆಯುವುದು ಸಾಣೆ ಮಾಮ ಎಂದೇ. ಮೂವತ್ತೊಂದು ವರ್ಷದ ಕಸುಬು. ಹತ್ತು ಗಂಟೆಯೊಳಗೆ ಆರು ಹೋಟೆಲು, ಸರಾಸರಿ ನಲವತ್ತು ಚಾಕು. ಮಂಡಿಚಿಪ್ಪು ಸವೆದಿದೆ, ಎಡಗಣ್ಣಿಗೆ ಕಿಡಿ ಹಾರಿ ಒಮ್ಮೆ ಆಪರೇಷನ್ ಆಗಿದೆ, ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ. ನೀವು ಈ ಊರಲ್ಲಿ ಹೊರಗೆ ಊಟ ಮಾಡಿದ್ದರೆ ಇವರ ಕೈಕೆಲಸ ನಿಮ್ಮ ತಟ್ಟೆಗೆ ಬಂದೇ ಇರುತ್ತದೆ. ಇವರು ಮಾತ್ರ ಮೊನ್ನೆಮೊನ್ನೆಯವರೆಗೆ ಆ ಹೋಟೆಲುಗಳ ಮುಂಬಾಗಿಲನ್ನು ಕಂಡವರಲ್ಲ.

ಸೋಮವಾರ ಇವರು ಊರು ಬಿಡುತ್ತಿದ್ದಾರೆ. ಹೆಂಡತಿಗೆ ಉಬ್ಬಸ, ಧೂಳಿರುವ ಊರು ಬೇಡವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ದೂರದ ಸಣ್ಣ ಊರಿನಲ್ಲಿ ಭಾವಮೈದನ ಹಾರ್ಡ್‌ವೇರ್ ಅಂಗಡಿ ಇದೆ, ಅದರ ಮೂಲೆಯಲ್ಲಿ ಕಲ್ಲಿಗೂ ಮಾಮನಿಗೂ ಜಾಗವಿದೆ. ಹೊರಡುವ ಮಾತು ಬಂದ ದಿನವೇ ಹೆಂಡತಿ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಪಟ್ಟಿ ಬರೆಯಲು ಕೂತರಂತೆ.

"ದಿನಾ ಬಂದು ಹೇಳೋರು, ಇವತ್ತು ಅಲ್ಲಿ ಸೂಪು ಘಮ್ ಅಂತಿತ್ತು, ಇಲ್ಲಿ ಮೀನು ಹುರೀತಿದ್ರು ಅಂತ. ಮೂವತ್ತೊಂದು ವರ್ಷ ಮನೆಗೆ ಬರೀ ವಾಸನೆ ತಂದಿದ್ದಾರೆ ಈ ಮಹಾರಾಯರು. ಹೋಗೋ ಮುಂಚೆ ಒಂದು ಸಲ ಕೂತು ತಿನ್ನೋಣ ಅಂದೆ" ಎನ್ನುತ್ತಾರೆ ಆಕೆ.

ತಿನ್ನಲೇಬೇಕಾದ ಹೋಟೆಲುಗಳ ಪಟ್ಟಿಯನ್ನು ನಾವೂ ವರ್ಷಕ್ಕೊಮ್ಮೆ ನಕ್ಷತ್ರ ಅಂಟಿಸಿ ಪ್ರಕಟಿಸುತ್ತೇವೆ. ಈ ಪಟ್ಟಿಯೇ ಬೇರೆ. ಇದರಲ್ಲಿ ಹೋಟೆಲಿನ ಹೆಸರೇ ಇಲ್ಲ, ಏಕೆಂದರೆ ಬೋರ್ಡು ಇರುವುದು ಮುಂದುಗಡೆ. 'ಬೆಕ್ಕಿನ ಹೋಟೆಲು', 'ತುಕ್ಕು ಮೆಟ್ಟಿಲು', 'ಕೂಗಾಡುವ ಅಡುಗೆಯವನದು' ಎಂದು ಹತ್ತೊಂಬತ್ತು ಸಾಲು. ಹಿಂಬಾಗಿಲ ಓಣಿಯಿಂದ ಕಟ್ಟಡ ಸುತ್ತಿ ಮುಂಬಾಗಿಲು ಹುಡುಕುವುದೇ ದೊಡ್ಡ ಪಾಡಾಗಿದೆ. ಒಮ್ಮೆ ಬೆಕ್ಕಿನ ಹೋಟೆಲು ಹುಡುಕುತ್ತಾ ಲೆಕ್ಕ ತಪ್ಪಿ ಪಕ್ಕದ ಹೋಟೆಲಿಗೆ ನುಗ್ಗಿ, ಹೊಟ್ಟೆ ಬಿರಿಯ ತಿಂದಿದ್ದಾರೆ. "ಈರುಳ್ಳಿ ನೋಡಿದ ತಕ್ಷಣ ಗೊತ್ತಾಯ್ತು, ಇದು ನನ್ನ ಚಾಕು ಅಲ್ಲ ಅಂತ. ಅಷ್ಟೊತ್ತಿಗೆ ಇವಳು ಎರಡನೇ ಸಲ ಹಾಕಿಸ್ಕೊಂಡಿದ್ಲು" ಎಂದು ಮಾಮ ಹೆಂಡತಿಯ ಕಡೆ ನೋಡುತ್ತಾರೆ. ಆ ಊಟ ಪಟ್ಟಿಗೆ ಜಮೆಯಾಗಿಲ್ಲ. ಮರುವಾರ ಸರಿಯಾದ ಬಾಗಿಲು ಹುಡುಕಿಕೊಂಡು ಮತ್ತೆ ಹೋಗಿದ್ದಾರೆ.

ಹದಿನೆಂಟು ಸಾಲಿಗೆ ಗೀಟು ಬಿದ್ದಿದೆ. ಉಳಿದಿರುವುದು ಕೊನೆಯ ಸಾಲು, 'ಎಡಗೈಯಮ್ಮನ ಹೋಟೆಲು'. ಅದರ ಮಾತು ಬಂದರೆ ಮಾಮನ ಮುಖ ಹುಳ್ಳಗಾಗುತ್ತದೆ. ಪಟ್ಟಿಗೆ ಅದನ್ನು ಸೇರಿಸಿದ್ದು ಹೆಂಡತಿ. ಅದನ್ನು ತಳಕ್ಕೆ ತಳ್ಳುತ್ತಾ ಬಂದದ್ದು ಮಾಮ.

ಒಂಬತ್ತು ವರ್ಷದ ಹಿಂದಿನ ಮಾತು. ಆ ಹೋಟೆಲಿನ ಅಡುಗೆಯಾಕೆ ಎಡಚಿ. ಆಕೆ ಬಳಸುವುದು ಒಂದೇ ಮಗ್ಗುಲಿಗೆ ಸಾಣೆ ಹಿಡಿಯುವಂಥ ಚಾಕು. ಎಡಗೈಯವರದ್ದಾದರೆ ಆ ಮಗ್ಗುಲೇ ಅದಲು ಬದಲು. ಮಾಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ದಿನ ಎಂಟು ಚಾಕು, ಮೇಲೆ ಗಡಿಬಿಡಿ. ಎಂಟನ್ನೂ ಬಲಗೈಗೇ ಉಜ್ಜಿಬಿಟ್ಟರು. ಮಧ್ಯಾಹ್ನದ ಭರಾಟೆಯಲ್ಲಿ ಆಕೆಯ ಚಾಕು ಕ್ಯಾರೆಟ್ ಬಿಟ್ಟು ಬೆರಳಿನ ಕಡೆ ವಾಲಿತು. ಬಲಗೈ ಹೆಬ್ಬೆರಳಿಗೆ ಏಳು ಹೊಲಿಗೆ.

"ಮಾರನೇ ದಿನ ಕೈಗೆ ಕಟ್ಟು ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ರು. ಬೈದಿದ್ರೆ ಬೈಸ್ಕೋತಿದ್ದೆ. ನಾನು ಸೈಕಲ್ ತಿರುಗಿಸ್ಕೊಂಡು ಬಂದವನು ಮತ್ತೆ ಆ ಓಣಿಗೆ ಕಾಲಿಡಲಿಲ್ಲ. ಕ್ಷಮಿಸಿ ಅನ್ನೋದು ಒಂದು ಮಾತು. ಅದೂ ನನ್ನ ಬಾಯಲ್ಲಿ ಬರಲಿಲ್ಲ ನೋಡಿ" ಎನ್ನುತ್ತಾರೆ ಮಾಮ. ಅಂದಿನಿಂದಲೇ ಪ್ರತಿ ಚಾಕುವಿಗೂ ಆ ಪ್ರಶ್ನೆ, ಯಾವ ಕೈ. ಇಷ್ಟು ಹೊತ್ತು ಅದನ್ನು ತಮಾಷೆ ಎಂದುಕೊಂಡಿದ್ದ ನನಗೆ ನಾಚಿಕೆಯಾಗುತ್ತದೆ.

ಶುಕ್ರವಾರ ಮಧ್ಯಾಹ್ನ ನಾವು ಮೂವರೂ ಆ ಹೋಟೆಲಿನಲ್ಲಿ ಕೂತಿದ್ದೇವೆ. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾರೆ. ಅಡುಗೆಮನೆಯ ಬಾಗಿಲು ಅಲ್ಲಾಡಿದಾಗಲೆಲ್ಲ ತಲೆ ತಗ್ಗಿಸುತ್ತಾರೆ. ಹುರಿದ ಮೀನು ಬರುತ್ತದೆ, ಜೊತೆಗೆ ಬೇಯಿಸಿದ ತರಕಾರಿ. ಮಾಮ ಒಂದು ಕ್ಯಾರೆಟ್ ತುಂಡು ಎತ್ತಿ ನೋಡುತ್ತಾರೆ. ಅದರ ಅಂಚು ಜಜ್ಜಿದಂತಾಗಿದೆ. "ಚಾಕು ಮೊಂಡಾಗಿದೆ ಕಣೇ" ಎಂದು ಹೆಂಡತಿಗೆ ಪಿಸುಗುಟ್ಟುತ್ತಾರೆ.

"ಹೌದು, ಮೊಂಡಾಗಿದೆ" ಎನ್ನುತ್ತದೆ ಬೆನ್ನ ಹಿಂದಿನ ದನಿ. ಐವತ್ತರ ಆಸುಪಾಸಿನ ಅಡುಗೆಯಾಕೆ, ಎಡಗೈಯಲ್ಲಿ ಬಟ್ಟೆ ಸುತ್ತಿದ ಚಾಕು. "ಎಡಗೈಗೆ ಸಾಣೆ ಹಿಡಿಯೋರು ಈ ಊರಲ್ಲಿ ಇನ್ಯಾರಿದ್ದಾರೆ? ನಾನೇ ಹೆಂಗೋ ಉಜ್ಜಿಕೊಳ್ತಿದ್ದೀನಿ. ಬೆರಳು ತಿಂಗಳಲ್ಲಿ ವಾಸಿಯಾಯ್ತು ಮಾಮ. ನೀವು ಹಾಗೆ ಓಡಿಹೋದ್ರಲ್ಲ, ಸಿಟ್ಟು ಬಂದಿದ್ದು ಅದಕ್ಕೆ."

ಮಾಮ ಎದ್ದು ನಿಲ್ಲುತ್ತಾರೆ. "ತಪ್ಪಾಯ್ತು ತಾಯಿ. ಅವತ್ತೇ ಹೇಳ್ಬೇಕಿತ್ತು" ಎನ್ನುತ್ತಾರೆ. ಆಕೆ ಚಾಕು ಚಾಚುತ್ತಾರೆ.

"ಊಟ ಆರಿಹೋಗುತ್ತೆ ರೀ" ಎನ್ನುತ್ತಾರೆ ಹೆಂಡತಿ. ಹಾಗೆಂದವರೇ ತಮ್ಮ ತಟ್ಟೆಯನ್ನು ಗಂಡನ ತಟ್ಟೆಯ ಮೇಲೆ ಬೋರಲು ಹಾಕಿ ಮುಚ್ಚುತ್ತಾರೆ. ತಮ್ಮ ಪಾಲಿನ ಮೀನು ಅಷ್ಟರಲ್ಲಾಗಲೇ ಖಾಲಿ.

ಮಾಮ ಸೈಕಲ್ಲನ್ನು ಹಿಂದಿನ ಓಣಿಯಲ್ಲೇ ನಿಲ್ಲಿಸಿ ಬಂದಿದ್ದರೆಂದು ನನಗೆ ಆಮೇಲೆ ತಿಳಿಯಿತು. ಮುಂಬಾಗಿಲಿಂದ ಒಳಗೆ ಬಂದವರು ಅಡುಗೆಮನೆ ಹಾದು ಹಿಂಬಾಗಿಲಿಗೆ ಹೋಗಿ ಸೀಟಿನ ಮೇಲೆ ಕೂರುತ್ತಾರೆ. ಚಾಕುವನ್ನು ಕಣ್ಣಿನ ಮಟ್ಟಕ್ಕೆ ಎತ್ತುತ್ತಾರೆ.

"ಯಾವ ಕೈ?"

ಆಕೆ ನಗದೆ ಎಡಗೈ ಎತ್ತಿ ತೋರಿಸುತ್ತಾರೆ. ಮಾಮ ತಲೆಯಾಡಿಸಿ, ಚಾಕುವಿನ ಮಗ್ಗುಲು ಬದಲಿಸಿ ಪೆಡಲು ತುಳಿಯುತ್ತಾರೆ. ಕಾಲು ಗಂಟೆಯ ಮೇಲೆ ನಮ್ಮ ಪುರವಣಿಯ ಇನ್ನೊಂದು ಪುಟ ಸದ್ದಿಲ್ಲದೆ ಎರಡಾಗುತ್ತದೆ.

ಮತ್ತೆ ಮೇಜಿಗೆ ಬಂದು ಸ್ವಲ್ಪ ಹೊತ್ತಿಗೆ ತಟ್ಟೆಯ ತರಕಾರಿ ಬದಲಾಗುತ್ತದೆ, ಈ ಸಲ ಸಾಣೆ ಹಿಡಿದ ಚಾಕುವಿನಲ್ಲಿ ಹೆಚ್ಚಿದ್ದು. ಹೆಂಡತಿ ಪಟ್ಟಿಯ ಕೊನೆಯ ಸಾಲಿಗೆ ಗೀಟೆಳೆಯಲು ಪೆನ್ನು ಹಿಡಿದು ಕಾಯುತ್ತಿದ್ದಾರೆ. ಮಾಮನಿಗೆ ಅವಸರವಿಲ್ಲ. ಒಂದು ಕ್ಯಾರೆಟ್ ಬಿಲ್ಲೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅಂಚು ನುಣ್ಣಗಿದೆ.

"ನೋಡಿ" ಎಂದು ನನ್ನ ಕಡೆ ತಿರುಗುತ್ತಾರೆ. "ಇದು ನನ್ನದು."

ಆಮೇಲೆ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ.